ಬರೇ ಅಡಿಕೆ ತಾನೇ!

ಮಂಗಳೂರಿನಲ್ಲಿ ಹೊಗೆಸೊಪ್ಪು ಬಿಟ್ಟೆ ಎಂದರೆ ಜನ ಮೆಚ್ಚುತ್ತಾರೆ. ಅಡಿಕೆಯನ್ನೂ ಬಿಡುತ್ತೇನೆ ಎಂದು ಹೇಳಿ ನೋಡಿ, ಅವರ ಮುಖ ಬದಲಾಗುತ್ತದೆ. "ಬರೇ ಅಡಿಕೆ ತಾನೇ, ಅದರಿಂದ ಏನಾಗುತ್ತದೆ?" ಈ ಪ್ರಶ್ನೆಯನ್ನು ನನಗೆ ಅಮ್ಮ ಕೇಳಿದ್ದಾಳೆ, ಧಣಿ ಕೇಳಿದ್ದಾರೆ, ದೇವಸ್ಥಾನದ ಭಟ್ಟರು ಕೇಳಿದ್ದಾರೆ, ಸಕ್ಕರೆ ಕಾಯಿಲೆಗೆಂದು ಅನ್ನ ಬಿಟ್ಟು ಗೋಧಿ ದೋಸೆ ತಿನ್ನುವ ಭಾವನೂ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳಿ ಬಾಯಿ ನೋಯುತ್ತಿದೆ. ಬಾಯಿ ನೋಯುವುದೇ ನನ್ನ ಸಮಸ್ಯೆಯಾದ್ದರಿಂದ ಬರೆದು ಹಾಕುತ್ತಿದ್ದೇನೆ.

ನನ್ನ ಉದ್ಯೋಗ ಯಾವುದೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಂದರಿನ ಒಂದು ಅಡಿಕೆ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಡಿಕೆಯ ತರಗತಿಗಳನ್ನು ದಿನವಿಡೀ ಕಂಪ್ಯೂಟರಿಗೆ ತುಂಬಿಸುವುದು ಕೆಲಸ. ಬೆನ್ನ ಹಿಂದೆ ಗೋಣಿಚೀಲಗಳ ಅಟ್ಟಿ. ಮಳೆಗಾಲದಲ್ಲಿ ಅದರ ಒಗರು ವಾಸನೆ ಸೆರಗಿಗೆ ಹತ್ತಿ ಪಡೀಲಿನ ಮನೆಯವರೆಗೂ ಬರುತ್ತದೆ. ಮಾದರಿ ನೋಡಲೆಂದು ಒಡೆದ ಹೋಳುಗಳು ನನ್ನ ಕೀಬೋರ್ಡಿನ ಪಕ್ಕದಲ್ಲೇ ಬಿದ್ದಿರುತ್ತವೆ. ಕುಡಿತ ಬಿಡಬೇಕೆಂದು ಹೊರಟವನನ್ನು ಯಾರೂ ಬಾರಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುವುದಿಲ್ಲ. ನನ್ನನ್ನು ಕೂರಿಸಿದ್ದಾರೆ, ತಿಂಗಳಿಗೆ ಸಂಬಳ, ದೀಪಾವಳಿಗೆ ಬೋನಸ್ಸು ಬೇರೆ.

ಅದಕ್ಕೂ ಹಿಂದೆ ನಮ್ಮನ್ನು ಸಾಕಿದ್ದು ಬೀಡಿ. ಗುರುಪುರದ ಆಚೆಗಿನ ಮನೆಯಲ್ಲಿ ಅಮ್ಮ ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಎಲೆ ನೆನೆಸಿ, ಅಚ್ಚಿಟ್ಟು ಕತ್ತರಿಸಿ, ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಇಪ್ಪತ್ತೈದರ ಕಟ್ಟು ಮಾಡುವುದು. ಶಾಲೆಯಿಂದ ಬಂದ ಕೂಡಲೇ ಬೀಡಿಯ ಬಾಯಿ ಮಡಚುವ ಕೆಲಸ ನನ್ನದು ಮತ್ತು ತಂಗಿಯದು. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ನೋಡಿ ಒಂದಷ್ಟನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಆ ದಿನ ರಾತ್ರಿ ಅಮ್ಮ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಬೀಡಿ ಕಾರ್ಮಿಕರಿಗಾಗಿ 1976ರಲ್ಲಿ ಕಲ್ಯಾಣ ನಿಧಿಯ ಕಾನೂನು ಬಂತು. ಆ ನಿಧಿಯ ವಿದ್ಯಾರ್ಥಿವೇತನದಿಂದಲೇ ನಾನು ಬಿ.ಕಾಂ. ಮುಗಿಸಿದ್ದು. ಹೊಗೆಸೊಪ್ಪಿನ ಧೂಳು ಕುಡಿದು ಬೆಳೆದವಳಿಗೆ ಅದರ ವಾಸನೆ ಮನೆಯದೇ ವಾಸನೆ. ಇಂದಿಗೂ ಎಲ್ಲಾದರೂ ಆ ಘಾಟು ಬಡಿದರೆ ನನಗೆ ಕೆಮ್ಮು ಬರುವ ಬದಲು ಹಸಿವಾಗುತ್ತದೆ.

ಆದರೂ ಮದುವೆಯಾಗುವವರೆಗೆ ನಾನು ಒಂದು ಹೋಳು ಅಡಿಕೆಯನ್ನೂ ಬಾಯಿಗೆ ಹಾಕಿದವಳಲ್ಲ. ಶುರುವಾದದ್ದು ಬಾಣಂತನದಲ್ಲಿ. ಎಣ್ಣೆ ತಿಕ್ಕಿ, ಹಂಡೆ ತುಂಬ ಬಿಸಿನೀರು ಹೊಯ್ದು, ಕಷಾಯ ಕುಡಿಸಿ, ಊಟವಾದ ಮೇಲೆ ವೀಳ್ಯ ಮಡಚಿ ಕೈಯಲ್ಲಿಡುತ್ತಿದ್ದರು. ಉಂಡದ್ದು ಅರಗುತ್ತದೆ, ಸುಣ್ಣದಿಂದ ಮೂಳೆ ಗಟ್ಟಿಯಾಗುತ್ತದೆ, ಬಾಯಿ ಚೊಕ್ಕವಾಗಿರುತ್ತದೆ ಎಂದು ಕಾರಣಗಳ ಪಟ್ಟಿಯೂ ಇತ್ತು. ಮೊದಲ ದಿನ ಅಡಿಕೆ ಸೊಕ್ಕಿತು. ಕಿವಿ ಬಿಸಿಯಾಗಿ, ಹಣೆಯಲ್ಲಿ ಬೆವರೊಡೆದು, ಚಾವಣಿ ತಿರುಗಿತು. ದೊಡ್ಡಮ್ಮ ನಕ್ಕು ತಣ್ಣೀರು ಕುಡಿಸಿದರು. ಕೆಲವು ದಿನಗಳಲ್ಲಿ ಸೊಕ್ಕುವುದು ನಿಂತಿತು. ಊಟ ಮುಗಿಯುವ ಮೊದಲೇ ಕಣ್ಣು ವೀಳ್ಯದ ಬಟ್ಟಲನ್ನು ಹುಡುಕುವುದು ಶುರುವಾಯಿತು. ಬಾಣಂತನ ಮುಗಿದರೂ ವೀಳ್ಯ ಮುಗಿಯಲಿಲ್ಲ. ಮುಂದೊಮ್ಮೆ ದವಡೆ ಹಲ್ಲು ನೋಯತೊಡಗಿದಾಗ ಅಮ್ಮ ಚಿವುಟಿಕೆ ಹೊಗೆಸೊಪ್ಪು ಕೊಟ್ಟು "ಅಲ್ಲೇ ಒತ್ತಿಡು" ಎಂದಳು. ಹಲ್ಲು ನೋವು ಹೋಯಿತು. ಹಲ್ಲು ಕೂಡ ಆಮೇಲೆ ಹೋಯಿತು. ಹೊಗೆಸೊಪ್ಪು ಉಳಿಯಿತು.

ಗಂಡಸರು ಜಗಿದರೆ ರಸ್ತೆಗೆ ಉಗುಳುತ್ತಾರೆ. ಹೆಂಗಸು ಏನು ಮಾಡಬೇಕು? ಕೈಚೀಲದಲ್ಲಿ ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ ಇಟ್ಟುಕೊಳ್ಳುತ್ತಿದ್ದೆ. ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಹೊರಟ ಬಸ್ಸು ಹಂಪನಕಟ್ಟೆಯ ಸಿಗ್ನಲ್ಲಿನಲ್ಲಿ ನಿಂತಾಗ, ತಲೆ ಬಗ್ಗಿಸಿ ಚೀಲದಲ್ಲಿ ಚಿಲ್ಲರೆ ಹುಡುಕುವವಳಂತೆ ಉಗುಳುವ ವಿದ್ಯೆ ನನಗಿತ್ತು. ಆ ನಾಚಿಕೆಯಿಂದ ಚಟವೇನೂ ಕಡಿಮೆಯಾಗಲಿಲ್ಲ. ಎಂಥ ಡಬ್ಬಿ ಸೋರುವುದಿಲ್ಲ ಎಂಬುದನ್ನು ಕಲಿಸಿತು, ಅಷ್ಟೇ.

ನನ್ನನ್ನು ಎಚ್ಚರಿಸಿದ್ದು ಬಂಗುಡೆ. ಹುಳಿ ಖಾರದ ಪುಳಿಮುಂಚಿ ಸಾರಿನ ಮೊದಲ ತುತ್ತಿಗೇ ಕೆನ್ನೆಯ ಒಳಭಾಗಕ್ಕೆ ಬೆಂಕಿ ಬಿದ್ದ ಹಾಗಾಯಿತು. ಮೆಣಸು ಜಾಸ್ತಿಯಾಯಿತೆಂದು ಮಗಳನ್ನು ಬೈದೆ. ಮರುದಿನ ಬರಿಯ ತಿಳಿಸಾರೂ ಉರಿಯಿತು. ತಟ್ಟೆಯಲ್ಲಿ ಮೀನಿದ್ದರೂ ಮೊಸರನ್ನ ಉಣ್ಣುವ ಸ್ಥಿತಿ ಬಂದಾಗ, ಕೋರಿರೊಟ್ಟಿಗೆ ಸಾರು ಹಾಕದೆ ತಿನ್ನುವ ಹೆಂಡತಿಯನ್ನು ನೋಡಲಾರದೆ ನಮ್ಮವರು ದೇರಳಕಟ್ಟೆಯ ಕಡೆಯ ಒಂದು ಹಲ್ಲಿನ ಕಾಲೇಜಿಗೆ ಎಳೆದುಕೊಂಡು ಹೋದರು. ಅಲ್ಲಿ ಮೊದಲು ನೋಡಿದ್ದು ಓದುತ್ತಿರುವ ಹುಡುಗಿ. ಬಾಯಿ ತೆರೆಯಿರಿ ಎಂದಳು. ತೆರೆದೆ. ಇನ್ನೂ ತೆರೆಯಿರಿ ಎಂದಳು. ಅಷ್ಟೇ ಬರುವುದು ಎಂದೆ. ನನ್ನ ಮೂರು ಬೆರಳುಗಳನ್ನು ನೆಟ್ಟಗೆ ಹಲ್ಲುಗಳ ನಡುವೆ ತೂರಿಸಲು ಹೇಳಿದಳು, ಎರಡೇ ಹೋದವು. ಆಗ ಅವಳ ಕಣ್ಣಲ್ಲಿ ಕಂಡ ಉತ್ಸಾಹವನ್ನು ನಾನು ಕ್ಷಮಿಸಿದ್ದೇನೆ, ಪರೀಕ್ಷೆಗೆ ಒಳ್ಳೆಯ ರೋಗಿ ಸಿಗುವುದು ಸುಲಭವಲ್ಲ. ಗೆಳತಿಯರನ್ನು ಕರೆದು ತೋರಿಸಿದಳು. ದೊಡ್ಡ ಡಾಕ್ಟರು ಬಂದು ಕೆನ್ನೆಯೊಳಗೆ ಬೆರಳಾಡಿಸಿ, ಬಿಳಿಚಿ ಗಟ್ಟಿಯಾದ ಪಟ್ಟಿಗಳಿವೆ ಎಂದರು. ಒಳಪದರದ ಕೆಳಗೆ ನಾರು ಕಟ್ಟುವ ರೋಗ. ಕಟ್ಟಿದ ನಾರು ಪೂರ್ತಿಯಾಗಿ ಹಿಂದಕ್ಕೆ ಹೋಗುವುದಿಲ್ಲ, ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ, ಈಗಲೇ ಬಿಟ್ಟರೆ ಇಲ್ಲಿಗೆ ನಿಲ್ಲಿಸಲು ನೋಡಬಹುದು ಎಂದು ಹೇಳಿದರು.

"ಹೊಗೆಸೊಪ್ಪು ಇವತ್ತೇ ಬಿಡುತ್ತೇನೆ" ಎಂದೆ.

"ಈ ರೋಗ ತರುವುದು ಮುಖ್ಯವಾಗಿ ಅಡಿಕೆ" ಎಂದರು ಅವರು.

ನಾನು ನಂಬಲಿಲ್ಲ. ಮಂಡಿಯವಳು ನಂಬುವುದುಂಟೇ? ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೊಗೆಸೊಪ್ಪು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿಯ ಈ ರೋಗವನ್ನು 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಮೊದಲು ವಿವರಿಸಿದ್ದು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ. ಅಲ್ಲಿಗೂ ಎಲೆ ಅಡಿಕೆಯ ಹರಿವಾಣ ಹೊತ್ತುಕೊಂಡು ಹೋಗಿದ್ದರು ಎಂದಾಯಿತು! ಅವರ ಹೆಸರು ಎಲ್ಲೂ ಸಿಗಲಿಲ್ಲ. ಅವರಲ್ಲೊಬ್ಬಳಿಗಾದರೂ ಬಾಣಂತನದಲ್ಲೇ ಶುರುವಾಗಿತ್ತೇ ಎಂದು ಕೇಳಬೇಕೆನಿಸಿತು.

ಹೊಗೆಸೊಪ್ಪು ಬಿಟ್ಟದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ. ತಂಬಾಕು ಬಿಡಲು ನೆರವಾಗುವ 1800-11-2356 ಎಂಬ ಸಹಾಯವಾಣಿ ಇದೆ, ದುಡ್ಡು ಹೋಗುವುದಿಲ್ಲ. 2018ರಿಂದ ತಂಬಾಕಿನ ಪೊಟ್ಟಣಗಳ ಮೇಲೆಲ್ಲ ಆ ಸಂಖ್ಯೆ ಇದೆಯಂತೆ. ನಾನು ಕೊಳ್ಳುತ್ತಿದ್ದುದು ಗೂಡಂಗಡಿಯಲ್ಲಿ ಕಾಗದಕ್ಕೆ ಸುತ್ತಿಕೊಡುವ ಎಲೆ. ಅದಕ್ಕೆ ಪೊಟ್ಟಣವೂ ಇಲ್ಲ, ಹುಣ್ಣಿನ ಚಿತ್ರವೂ ಇಲ್ಲ, ಸಂಖ್ಯೆಯೂ ಇಲ್ಲ. ಬಸ್ ನಿಲ್ದಾಣದಲ್ಲಿ ಯಾರೋ ಎಸೆದ ಖಾಲಿ ಪೊಟ್ಟಣದಿಂದ ಬರೆದುಕೊಂಡೆ. ಕನ್ನಡದಲ್ಲೇ ಮಾತಾಡಿದರು. ಯಾವ ಹೊತ್ತಿಗೆ ಹೆಚ್ಚು ಬೇಕೆನಿಸುತ್ತದೆ ಎಂದು ಕೇಳಿದರು; ಆ ಆಸೆ ಕೆಲವೇ ನಿಮಿಷ ಇರುತ್ತದೆ, ಅಷ್ಟು ಹೊತ್ತು ದಾಟಿಸಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ ಎಂದರು. ಮೊದಲ ವಾರವೇ ಕಠಿಣ ಎಂದರು, ಅದು ನಿಜ. ಆ ವಾರ ನಾನು ಬರೆದ ಒಂದು ಬಿಲ್ಲೂ ತಾಳೆಯಾಗಲಿಲ್ಲ, ಮನೆಯಲ್ಲಿ ಬೆಕ್ಕು ಕೂಡ ನನ್ನಿಂದ ದೂರವಿತ್ತು. ಔಷಧಿ ಅಂಗಡಿಯಿಂದ 2 ಮಿಲಿಗ್ರಾಂನ ನಿಕೋಟಿನ್ ಗಮ್ ತಂದೆ. ಖಾರ ಏರುವವರೆಗೆ ಮೆಲ್ಲಗೆ ಜಗಿದು ಕೆನ್ನೆಯ ಸಂದಿಯಲ್ಲಿ ಒತ್ತಿಡಬೇಕು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು ಎಂದು ಒಳಗಿನ ಚೀಟಿಯಲ್ಲಿತ್ತು. ಇಷ್ಟು ವರ್ಷ ನಾನು ಬೇರೇನು ಮಾಡುತ್ತಿದ್ದೆ? ಆದರೆ ಕಾಫಿ ಕುಡಿಯುತ್ತ ಅದನ್ನು ಜಗಿದರೆ ಪ್ರಯೋಜನವಿಲ್ಲ, ಬಾಯಿ ಹುಳಿಯಾದರೆ ನಿಕೋಟಿನ್ ಒಳಗಿಳಿಯುವುದಿಲ್ಲ ಎಂಬುದು ತಡವಾಗಿ ತಿಳಿಯಿತು. ವೀಳ್ಯಕ್ಕೆ ಸುಣ್ಣ ಹಚ್ಚುವುದರ ಗುಟ್ಟೂ ಆಗಲೇ ಹೊಳೆದದ್ದು. ಸುಣ್ಣವು ಬಾಯಿಯನ್ನು ಕ್ಷಾರವಾಗಿಸುತ್ತದೆ, ಹೊಗೆಸೊಪ್ಪಿನ ನಿಕೋಟಿನ್ನೂ ಅಡಿಕೆಯಲ್ಲಿ ಅಮಲೇರಿಸುವ ಅಂಶವಾದ ಅರೆಕೋಲಿನ್ನೂ ಕೆನ್ನೆಯ ಮೂಲಕ ಸರಾಗವಾಗಿ ನೆತ್ತರಿಗೆ ಇಳಿಯುತ್ತವೆ. ರಸಾಯನಶಾಸ್ತ್ರ ಓದದೆಯೇ ನಮ್ಮ ಅಜ್ಜಿಯರು ಇದನ್ನು ಕಂಡುಕೊಂಡಿದ್ದರು. ಮೂಳೆಯ ಕಥೆ ನಮ್ಮಂಥವರಿಗೆ ಹೇಳಲು.

ಹೊಗೆಸೊಪ್ಪು ಹೋಯಿತು. ಪೇಟೆಯಿಂದ ಸಿಹಿ ತಂದು ಹಂಚಿದೆ. ಅದೇ ತಿಂಗಳಲ್ಲಿ ಅಡಿಕೆ ಏರಿತು.

ಮೊದಮೊದಲು ಗೊತ್ತೇ ಆಗಲಿಲ್ಲ. ವೀಳ್ಯವಿಲ್ಲದೆ, ಸುಣ್ಣವಿಲ್ಲದೆ, ಮೇಜಿನ ಮೇಲಿನ ಮಾದರಿ ಹೋಳನ್ನು ಸುಮ್ಮನೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಹೊಗೆಸೊಪ್ಪು ಬಿಟ್ಟವಳಿಗೆ ಇಷ್ಟಾದರೂ ಬೇಡವೇ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳಿಕೊಳ್ಳುತ್ತಿದ್ದೆ. ಒಂದು ಭಾನುವಾರ ಮನೆಯಲ್ಲಿ ಅಡಿಕೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರವಾಯಿತು, ಆಕಳಿಕೆ ನಿಲ್ಲಲಿಲ್ಲ, ಟಿ.ವಿ.ಯ ಸದ್ದಿಗೆ ಅಳು ಬಂತು. ಹೊಗೆಸೊಪ್ಪು ಬಿಟ್ಟ ವಾರದ ಅದೇ ಲಕ್ಷಣಗಳು. ಸಂಜೆ ಮಳೆಯಲ್ಲೇ ಕೊಡೆ ಹಿಡಿದು ಅಂಗಡಿಗೆ ಹೋಗಿ, ಅಲ್ಲೇ ನಿಂತು ಬಾಯಿಗೆ ಹಾಕಿಕೊಂಡೆ. ಹೋಳು ಮೆತ್ತಗಾಗುವ ಮೊದಲೇ ಎಲ್ಲವೂ ಸರಿಯಾಯಿತು. ನಿಕೋಟಿನ್ ಕೂರುವ ಮೆದುಳಿನ ಕೆಲವು ಗ್ರಾಹಕಗಳ (ರಿಸೆಪ್ಟರ್) ಮೇಲೆ ಅರೆಕೋಲಿನ್ನೂ ಹೋಗಿ ಕೂರುತ್ತದೆ ಎಂದು ಆಮೇಲೆ ಓದಿದೆ. ಇಬ್ಬರಲ್ಲಿ ಒಬ್ಬನನ್ನು ಹೊರಗೆ ಹಾಕಿ, ಇನ್ನೊಬ್ಬನಿಗೆ ಇಡೀ ಮನೆ ಬಿಟ್ಟುಕೊಟ್ಟಿದ್ದೆ.

ಇಲ್ಲಿಂದ ಮುಂದಿನದ್ದೇ ನಿಜವಾದ ಕಷ್ಟ. ಹೊಗೆಸೊಪ್ಪಿಗೆ ಸಹಾಯವಾಣಿ ಇದೆ, ಗಮ್ ಇದೆ, ಕಾನೂನು ಇದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ಅಂಗಡಿಯವರು ಪಾನ್ ಮಸಾಲೆಯನ್ನೂ ತಂಬಾಕನ್ನೂ ಜೋಡಿ ಪೊಟ್ಟಣಗಳಲ್ಲಿ ಮಾರತೊಡಗಿದರು. ಅದು ಬೇರೆ ಮಾತು. ಅಡಿಕೆಗೆ ಏನಿದೆ? ಅಡಿಕೆಗೆ ಇರುವುದು ಹರಿವಾಣ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು ಎಲೆ ಅಡಿಕೆ ಮುಂದಿಡದಿದ್ದರೆ ಅವಮಾನ, ಇಟ್ಟದ್ದನ್ನು ಮುಟ್ಟದಿದ್ದರೆ ಅದೂ ಅವಮಾನ. ಮದುವೆಗೆ ಕರೆಯಲು ವೀಳ್ಯ, ಭೂತದ ನೇಮದ ಕಟ್ಟಳೆಗೆ ವೀಳ್ಯ, ರಾಜಿ ಪಂಚಾತಿಕೆಗೆ ವೀಳ್ಯ, ರಾತ್ರಿಯಿಡೀ ಯಕ್ಷಗಾನ ನೋಡುವವರ ನಿದ್ದೆ ಓಡಿಸಲು ವೀಳ್ಯ. ಹಾಗಾಗಿ ಹೋದಲ್ಲೆಲ್ಲ ಎಲೆ ಅಡಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ಚೀಲಕ್ಕೆ ಹಾಕಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡೆ. ಆತಿಥ್ಯಕ್ಕೆ ಅಷ್ಟು ಸಾಕು. ಆದರೆ ಚೀಲದಲ್ಲಿ ಅಡಿಕೆ ಇಟ್ಟುಕೊಂಡು ಬಸ್ಸಿನಲ್ಲಿ ಕೂರುವುದು ಸುಲಭವಲ್ಲ. ನಂತೂರು ದಾಟುವುದರೊಳಗೆ ಎಷ್ಟೋ ಸಲ ಸೋತಿದ್ದೇನೆ. ಈಗ ಆ ಮನೆಯ ಗೇಟು ದಾಟಿದ ಕೂಡಲೇ ಅಡಿಕೆಯನ್ನು ತೆಂಗಿನಮರದ ಬುಡಕ್ಕೆ ಹಾಕಿ, ಎಲೆಯನ್ನು ಮಾತ್ರ ತರುತ್ತೇನೆ.

ಹರಕೆಯನ್ನೂ ಹೇಳಿಕೊಂಡೆ. ಕಳೆದುಹೋದದ್ದು ಸಿಗಲಿ ಎಂದು ಕೊರಗಜ್ಜ ಎಂಬ ದೈವವನ್ನು ನೆನೆಯುವುದು ನಮ್ಮಲ್ಲಿ ರೂಢಿ. ಹತ್ತಿಕೊಂಡದ್ದು ಕಳೆದುಹೋಗಲಿ ಎಂದು ನಾನು ನೆನೆದೆ. ಅಡಿಕೆ ಬಾಯಿಗಿಡದೆ ಹಬ್ಬದವರೆಗೆ ಕಳೆದರೆ ಅಜ್ಜನ ಸ್ಥಾನವಿರುವ ಕುತ್ತಾರಿಗೆ ಬಂದು ಒಪ್ಪಿಸುತ್ತೇನೆ ಎಂದೆ. ಒಪ್ಪಿಸುವುದೇನು ಎಂದು ಆಗ ಯೋಚಿಸಿರಲಿಲ್ಲ. ಅಜ್ಜನಿಗೆ ಪ್ರಿಯವಾದದ್ದು ಚಕ್ಕುಲಿ, ಶೇಂದಿ ಮತ್ತು ಎಲೆ ಅಡಿಕೆ! ಹಬ್ಬದವರೆಗೆ ಕಳೆಯಿತು. ಚಕ್ಕುಲಿಯ ಜೊತೆ ಎಲೆ ಅಡಿಕೆಯನ್ನೂ ಒಪ್ಪಿಸಿದೆ. ಪ್ರಸಾದವಾಗಿ ಅದೇ ಕೈಗೆ ಬಂತು. ತಿರುಗಿ ಬರುವಾಗ ರಿಕ್ಷಾದವರಿಗೆ ಕೊಟ್ಟೆ. ಅವರು ಭಕ್ತಿಯಿಂದ ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡರು. ತೊಕ್ಕೊಟ್ಟಿನವರೆಗೆ ಆ ಪರಿಮಳವನ್ನು ಮೂಗಿಗೆ ಸೆರಗು ಹಿಡಿದು ಸಹಿಸಿಕೊಂಡೆ. ಅಜ್ಜನಿಗೆ ತಮಾಷೆ ಇಷ್ಟ ಎಂದು ಹಿರಿಯರು ಹೇಳುತ್ತಾರೆ, ಇರಬಹುದು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಅಮ್ಮನ ಕುಟ್ಟಾಣಿ. ಅಮ್ಮ ಈಗ ನಮ್ಮ ಜೊತೆಗಿದ್ದಾಳೆ. ಎಂಬತ್ತು ದಾಟಿದೆ, ಒಂದು ಹಲ್ಲೂ ಇಲ್ಲ. ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣ, ಚಿವುಟಿಕೆ ಹೊಗೆಸೊಪ್ಪನ್ನು ಕುಟ್ಟಾಣಿಗೆ ಹಾಕಿ ಹುಡಿ ಮಾಡಿ ಅವಳ ಅಂಗೈಗೆ ಇಡಬೇಕು. ಅವಳ ಕೈಗೆ ಕುಟ್ಟುವ ಶಕ್ತಿ ಇಲ್ಲ, ಮನೆಯಲ್ಲಿ ಆ ಹೊತ್ತಿಗೆ ಇರುವವಳು ನಾನೊಬ್ಬಳೇ. ಕುಟ್ಟುವಾಗ ಮೇಲೇಳುವ ಘಮ ಇದೆಯಲ್ಲ, ಅದನ್ನು ತಿಂದವರಿಗೇ ಗೊತ್ತು. ಕೈ ನಡುಗುತ್ತದೆ, ಬಾಯಲ್ಲಿ ನೀರು ತುಂಬುತ್ತದೆ. ಅಮ್ಮನಿಗೆ ಕೊಡುವುದನ್ನೇ ನಿಲ್ಲಿಸಬೇಕಿತ್ತೇ? ತಂಗಿ ಹಾಗೆಯೇ ಹೇಳುತ್ತಾಳೆ, ಅವಳು ಮುಂಬಯಿಯಲ್ಲಿದ್ದಾಳೆ. ಈ ವಯಸ್ಸಿನಲ್ಲಿ ಅಮ್ಮನಿಗೆ ಉಳಿದಿರುವ ಸುಖ ಇದೊಂದೇ. ಅದನ್ನು ಕಿತ್ತುಕೊಂಡು ನನ್ನ ಬಾಯಿಯನ್ನು ಉಳಿಸಿಕೊಳ್ಳಲು ನನಗೆ ಮನಸ್ಸಿಲ್ಲ. "ನಾನು ಇಷ್ಟು ವರ್ಷ ತಿಂದೆ, ನನಗೇನಾಯಿತು?" ಎಂದು ಅವಳು ಕೇಳುತ್ತಾಳೆ. ಅವಳ ಜೊತೆ ಕೂತು ಬೀಡಿ ಕಟ್ಟುತ್ತಿದ್ದ ಪಕ್ಕದ ಮನೆಯಾಕೆಗೆ ದವಡೆಯ ಒಂದು ಪಾರ್ಶ್ವವನ್ನೇ ತೆಗೆದು ಹಾಕಿದರೆಂಬುದನ್ನು ನೆನಪಿಸಿದರೆ, "ಅದು ಅವಳ ಹಣೆಬರಹ" ಎನ್ನುತ್ತಾಳೆ. ನಾನು ಈಗ ಬಾಯಿಗೆ ಎರಡು ಲವಂಗ ಹಾಕಿಕೊಂಡು ಕುಟ್ಟುತ್ತೇನೆ. ಲವಂಗದಿಂದ ಬಾಯಿ ಉರಿಯುತ್ತದೆ, ಆ ಉರಿಗೆ ಡಾಕ್ಟರರ ಮಾತು ನೆನಪಾಗುತ್ತದೆ. ಎರಡೂ ಕೆಲಸ ಒಟ್ಟಿಗೇ ಆಗುತ್ತದೆ.

ಇದನ್ನು ಓದಿ ತೋಟದವರು ಬೇಸರಿಸಬಾರದು. ಎಲೆಚುಕ್ಕಿ ರೋಗ, ಹಳದಿ ರೋಗ, ಕೊಳೆರೋಗಗಳ ನಡುವೆ ಅವರು ಹೇಗೆ ಬೆಳೆಯುತ್ತಾರೆಂದು ಮಂಡಿಯಲ್ಲಿ ಕೂತ ನನಗೆ ಗೊತ್ತು. ಅಡಿಕೆಯ ಮೇಲಿನ ಕ್ಯಾನ್ಸರ್ ಹಣೆಪಟ್ಟಿ ತೆಗೆಸಬೇಕೆಂದು ಅವರು ಒತ್ತಾಯಿಸುವುದೂ ಗೊತ್ತು. ದರ ಕುಸಿದರೆ ನನ್ನ ಬೋನಸ್ಸೂ ಕುಸಿಯುತ್ತದೆ. ಆದರೆ ನನ್ನ ಕೆನ್ನೆಯೊಳಗಿನ ನಾರಿಗೆ ಮಾರುಕಟ್ಟೆಯ ಧಾರಣೆ ತಿಳಿಯುವುದಿಲ್ಲ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಂಸ್ಥೆಯೇ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಬಾಯಿಗೆ ಏನಾದರೂ ಬೇಕೇ ಬೇಕೆನ್ನುವ ಮಧ್ಯಾಹ್ನಗಳಲ್ಲಿ ನಾನು ಅದರ ಚಾಕೊಲೇಟನ್ನೇ ತಿನ್ನುತ್ತೇನೆ. ಊರಿನ ಸಹಕಾರಿ ಚಳವಳಿಗೆ ನನ್ನ ನಿಷ್ಠೆ ಹಾಗೆಯೇ ಉಳಿದಿದೆ. ಧಣಿಯವರು ಹಳೆ ಅಡಿಕೆಯ ಹದ ನೋಡಲು ಈಗಲೂ ನನ್ನನ್ನೇ ಕರೆಯುತ್ತಾರೆ. ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಣ್ಣ ನೋಡಿ, ಮೂಸಿ ಹೇಳುತ್ತೇನೆ. ಹಲ್ಲಿನಲ್ಲಿ ಕಡಿದು ಹೇಳುತ್ತಿದ್ದಾಗ ಎಷ್ಟು ಸರಿಯಾಗಿರುತ್ತಿತ್ತೋ ಈಗಲೂ ಅಷ್ಟೇ ಸರಿಯಾಗಿರುತ್ತದೆ ಎಂದು ಅವರೇ ಒಪ್ಪಿದ್ದಾರೆ. ಕಳೆದ ತಪಾಸಣೆಯಲ್ಲಿ ಬಾಯಿ ತೆರೆಯುವುದು ಮೊದಲಿಗಿಂತ ಕಡಿಮೆಯಾಗಿಲ್ಲ ಎಂದರು. ಹೆಚ್ಚೂ ಆಗಿಲ್ಲ. ಗೋಳಿಬಜೆಯನ್ನು ಮುರಿದೇ ತಿನ್ನಬೇಕು.

ನಡುವೆ ಜಾರಿದ್ದೂ ಇದೆ. ಭಾವನ ಮಗನ ಮದುವೆಯ ರಾತ್ರಿ, ಹೆಂಗಸರೆಲ್ಲ ಚಾಪೆ ಹಾಸಿ ಹಾಡುತ್ತ ಕೂತಿದ್ದಾಗ, ಬಟ್ಟಲು ಕೈಯಿಂದ ಕೈಗೆ ಬಂತು, ನಾನು ತೆಗೆದುಕೊಂಡೆ. ರುಚಿ ಚೆನ್ನಾಗಿತ್ತು. ಸುಳ್ಳು ಹೇಳಿ ಪ್ರಯೋಜನವಿಲ್ಲ. ಮರುದಿನ ಮತ್ತೆ ಲವಂಗ.

ಈಗ ಮಗಳು ತುಂಬು ಗರ್ಭಿಣಿ, ಬಾಣಂತನಕ್ಕೆ ನಮ್ಮ ಮನೆಗೇ ಬರುತ್ತಾಳೆ. ಬೀಗಿತ್ತಿಯವರು ಈಗಾಗಲೇ ಹಿತ್ತಾಳೆಯ ಹೊಸ ವೀಳ್ಯದ ಪೆಟ್ಟಿಗೆಯೊಂದನ್ನು ಕೊಂಡಿದ್ದಾರೆ. ಎಣ್ಣೆಸ್ನಾನ ಮಾಡಿಸೋಣ, ಕಷಾಯ ಕೊಡೋಣ, ಮೆಂತೆ ಗಂಜಿ ಕೊಡೋಣ, ಅಡಿಕೆ ಮಾತ್ರ ಬೇಡ ಎಂದು ಫೋನಿನಲ್ಲಿ ಹೇಳಿದೆ. ಆಚೆಯಿಂದ ಒಂದಷ್ಟು ಹೊತ್ತು ಸದ್ದಿಲ್ಲ. ಆಮೇಲೆ ನೀವು ಊಹಿಸಿದ ಪ್ರಶ್ನೆಯೇ ಬಂತು. ಭಾನುವಾರ ಮನೆಗೇ ಬನ್ನಿ, ಕೂತು ಮಾತಾಡೋಣ ಎಂದಿದ್ದೇನೆ. ಆ ಪೆಟ್ಟಿಗೆಯಲ್ಲಿ ನಾಲ್ಕು ಖಾನೆಗಳಿವೆಯಂತೆ. ಹುರಿದ ಸೋಂಪು, ಓಮ, ಒಣಗಿಸಿದ ನೆಲ್ಲಿಕಾಯಿ ಸಿದ್ಧವಾಗಿವೆ. ನಾಲ್ಕನೆಯದಕ್ಕೆ ಏನು ತುಂಬಿಸಬಹುದೆಂದು ನಮ್ಮವರನ್ನು ಕೇಳಿದರೆ, ಗೋಡಂಬಿ ಎನ್ನುತ್ತಾರೆ. ಗೋಡಂಬಿಯ ಧಾರಣೆ ಅವರಿಗೆ ಗೊತ್ತಿಲ್ಲ.